ಕಡಕ್ ರೊಟ್ಟಿಯ ಊರಿನಲ್ಲಿ ಮೆತ್ತನೆಯ ಕುಕೀಸ್

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಅಡುಗೆಮನೆಯಲ್ಲಿ ಬೆಣ್ಣೆ ನಿಲ್ಲುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಕಟ್ಟೆಯ ಮೇಲಿಟ್ಟ ತುಂಡು, ನಾವು ಮೈದಾ ಜರಡಿ ಹಿಡಿದು ಮುಗಿಸುವಷ್ಟರಲ್ಲಿ ತಟ್ಟೆಯ ಅಂಚಿಗೆ ಹರಿದಿರುತ್ತದೆ. ಕುಕೀಸ್ ಮಾಡುವುದನ್ನು ಹೇಳಿಕೊಡುವವರೆಲ್ಲ ‘ರೂಮ್ ಟೆಂಪರೇಚರಿನ ಬೆಣ್ಣೆ’ ತೆಗೆದುಕೊಳ್ಳಿ ಅನ್ನುತ್ತಾರೆ. ಆ ಮಾತು ಹುಟ್ಟಿದ್ದು 20 ಡಿಗ್ರಿಯ ಕೋಣೆಗಳಲ್ಲಿ. ನಮ್ಮಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಒಲೆ ಹೊತ್ತಿದ ಒಳಮನೆಯೂ ಅದಕ್ಕೆ ಹತ್ತಿರವೇ. ಬೆಣ್ಣೆಯೋ 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗುವ ವಸ್ತು. ಬೇರೆ ಹವೆಯಲ್ಲಿ ಹುಟ್ಟಿದ ತಿನಿಸನ್ನು ಇಲ್ಲಿ ಮಾಡಬೇಕೆಂದರೆ ಅಳತೆಯ ಜೊತೆಗೆ ಅದರ ಹಿಂದಿನ ಕಾರಣಗಳೂ ಗೊತ್ತಿರಬೇಕು.

ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಾಡುವ ಶುಗರ್ ಕುಕೀ ಎಂದರೆ ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆಗಳ ಸರಳ ತಿಂಡಿ. ದಪ್ಪಗೆ ಲಟ್ಟಿಸಿ, ನಕ್ಷತ್ರವೋ ಗಿಡವೋ ಆಗುವಂತೆ ಅಚ್ಚಿನಲ್ಲಿ ಕತ್ತರಿಸಿ, ಬಣ್ಣ ಏರುವ ಮೊದಲೇ ಓವನ್ನಿನಿಂದ ತೆಗೆದು, ಮೇಲೆ ಐಸಿಂಗ್ ಎಂಬ ಸಕ್ಕರೆಯ ಲೇಪ ಬಿಡುತ್ತಾರೆ. ಈಗ ಬೀದರ್, ಕಲಬುರಗಿ ಕಡೆಯ ಮನೆಗಳಲ್ಲೂ ಕ್ರಿಸ್‌ಮಸ್‌ಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಇದನ್ನು ಮಾಡುವವರಿದ್ದಾರೆ. ಆದರೆ ನಮ್ಮ ಭಾಗದ ನಾಲಿಗೆ ಬೆಳೆದದ್ದು ನಾನ್‌ಖಟಾಯಿಯ ಮೇಲೆ. ತುಪ್ಪ ಹೆಚ್ಚು, ನೀರು ಇಲ್ಲವೆನ್ನುವಷ್ಟು ಕಡಿಮೆ, ಬಾಯಿಗಿಟ್ಟರೆ ಪುಡಿಪುಡಿ. ಬಿಸ್ಕೀಟು ಅಂದರೆ ಖಸ್ತಾ ಇರಬೇಕು, ಮೆತ್ತಗಿದ್ದರೆ ಅದು ಹಸಿ ಉಳಿದಿದೆ ಅಥವಾ ಹಳತಾಗಿದೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿ. ಮೆತ್ತನೆಯ ಕುಕೀ ಇವೆರಡೂ ಅಲ್ಲ. ಬೆಂದ ಮೇಲೂ ತನ್ನೊಳಗಿನ ನೀರನ್ನು ಬಿಟ್ಟುಕೊಡದೆ ಹಿಡಿದುಕೊಂಡದ್ದು ಅದು.

ಈ ನೀರಿನ ವಿಚಾರ ಅರ್ಥವಾಗಲು ನಮ್ಮಲ್ಲಿ ಕಡಕ್ ರೊಟ್ಟಿಗಿಂತ ಒಳ್ಳೆಯ ದಾರಿ ಇಲ್ಲ. ಬೇಸಿಗೆಯಲ್ಲಿ ಬಡಿದು ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕಡಕ್ಕಾಗಿಯೇ ಇರುತ್ತದೆ. ಅದೇ ರೊಟ್ಟಿಯನ್ನು ಶ್ರಾವಣದ ಜಡಿಮಳೆಯಲ್ಲಿ ಬಿಚ್ಚಿಟ್ಟರೆ ಸಂಜೆಗೆ ಬಾಗುತ್ತದೆ. ಪ್ರತಿಯೊಂದು ಆಹಾರವೂ ಸುತ್ತಲಿನ ಗಾಳಿಯ ಜೊತೆ ತೇವದ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಆಹಾರದೊಳಗಿನ ನೀರು ಎಷ್ಟು ಸುಲಭವಾಗಿ ಹೊರಗೆ ಹೋಗಬಲ್ಲದು ಎನ್ನುವುದನ್ನು ವಿಜ್ಞಾನಿಗಳು 0ರಿಂದ 1ರವರೆಗಿನ ಅಳತೆಯಲ್ಲಿ ಹೇಳುತ್ತಾರೆ, ಅದಕ್ಕೆ ನೀರಿನ ಚಟುವಟಿಕೆ ಎಂದು ಹೆಸರು. ಶುದ್ಧ ನೀರಿಗೆ 1, ಬ್ರೆಡ್ಡಿಗೆ ಸುಮಾರು 0.95, ಮೆತ್ತನೆಯ ಕುಕೀಗೆ 0.6ರ ಆಸುಪಾಸು, ಗರಿಗರಿ ಬಿಸ್ಕೀಟಿಗೆ 0.2 ಅಥವಾ 0.3. ಗಾಳಿಯ ಆರ್ದ್ರತೆಯನ್ನು ಇದೇ ಅಳತೆಗೆ ನೇರವಾಗಿ ಹೋಲಿಸಬಹುದು: ಶೇಕಡಾ 60 ಆರ್ದ್ರತೆ ಎಂದರೆ 0.6.

ಕಲಬುರಗಿ, ಯಾದಗಿರಿಯ ಬೇಸಿಗೆ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇಕಡಾ 30ರ ಕೆಳಗೆ ಇಳಿಯುವುದು ಸಾಮಾನ್ಯ. ತಟ್ಟೆಯಲ್ಲಿ ತೆರೆದಿಟ್ಟ ಮೆತ್ತನೆಯ ಕುಕೀ ಆ ಗಾಳಿಗೆ ನೀರು ಕೊಡುತ್ತಾ ಕೊಡುತ್ತಾ ಗರಿಗರಿ ಬಿಸ್ಕೀಟಿನ ಮಟ್ಟಕ್ಕೆ ಇಳಿಯುತ್ತದೆ. ರೊಟ್ಟಿಯನ್ನು ಕಾಪಾಡುವ ಗಾಳಿಯೇ ಕುಕೀಯನ್ನು ಕೆಡಿಸುತ್ತದೆ. ಹಾಗಾಗಿ ಆರಿದ ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಬೇಕು. ಡಬ್ಬಿಯೊಳಗೆ ಬ್ರೆಡ್ಡಿನ ಒಂದು ಹೋಳು ಇಡುವ ಉಪಾಯಕ್ಕೂ ಇದೇ ಕಾರಣ. 0.95ರ ಬ್ರೆಡ್ಡಿನಿಂದ 0.6ರ ಕುಕೀಯ ಕಡೆಗೆ ತೇವ ಸಾಗುತ್ತದೆ, ಮರುದಿನ ನೋಡಿದರೆ ಬ್ರೆಡ್ಡು ಒಣಗಿ ಕುಕೀ ಮೆತ್ತಗಾಗಿರುತ್ತದೆ. ಬ್ರೆಡ್ಡಿಗೆ ಬೂಸ್ಟು ಹಿಡಿಯುವ ಮೊದಲು ದಿನಕ್ಕೊಂದು ಹೋಳು ಬದಲಿಸಿದರೆ ಸಾಕು.

ಇನ್ನು ಕುಕೀಯೊಳಗೆ ನೀರನ್ನು ಹಿಡಿದಿಡುವವರು ಯಾರು? ಮೊದಲನೆಯದು ಸಕ್ಕರೆ. ಸಿಹಿಗಾಗಿ ಮಾತ್ರ ಸಕ್ಕರೆ ಎಂದುಕೊಂಡು ‘ಸ್ವಲ್ಪ ಕಡಿಮೆ ಹಾಕೋಣ’ ಎಂದು ಅರ್ಧಕ್ಕೆ ಇಳಿಸುವವರಿದ್ದಾರೆ, ಆಗ ಸಿಗುವುದು ಒಣ ಚಕ್ಕೆ. ಸಕ್ಕರೆಯ ಅಣುಗಳು ನೀರನ್ನು ಹತ್ತಿರ ಸೆಳೆದು ಹಿಡಿದುಕೊಳ್ಳುತ್ತವೆ. ಕರಗಿದ ಒಂದು ಗ್ರಾಂ ಸಕ್ಕರೆ ಹಿಟ್ಟಿನೊಳಗಿನ ದ್ರವದ ಗಾತ್ರವನ್ನು ಸುಮಾರು 0.6 ಮಿಲಿಲೀಟರ್ ಹೆಚ್ಚಿಸುತ್ತದೆ, ಹಾಗಾಗಿ ಸಕ್ಕರೆ ವಿಪರೀತವಾದರೆ ಕುಕೀ ಓವನ್ನಿನಲ್ಲಿ ಹರಡಿ ಅಚ್ಚಿನ ಆಕಾರ ಕಳೆದುಕೊಳ್ಳುತ್ತದೆ. ನಮ್ಮ ಅಫಜಲಪುರ, ಆಳಂದದ ಕಬ್ಬಿನಿಂದ ಬಂದದ್ದಿರಲಿ ಎಲ್ಲಿಯದೇ ಇರಲಿ, ಕಿರಾಣಿ ಅಂಗಡಿಯ ಸಕ್ಕರೆ ದಪ್ಪ ಹರಳು. ಇಷ್ಟು ಕಡಿಮೆ ನೀರಿರುವ ಹಿಟ್ಟಿನಲ್ಲಿ ಅದು ಪೂರ್ತಿ ಕರಗದು. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳಬೇಕು, ಪೂರ್ತಿ ಪುಡಿ ಬೇಡ. ಒಂದು ಚಮಚ ಜೇನುತುಪ್ಪ ಸೇರಿಸುವುದೂ ಒಳ್ಳೆಯದು. ಕರಗಿದ ಸಕ್ಕರೆ ತಣ್ಣಗಾದ ಮೇಲೆ ಮತ್ತೆ ಹರಳುಗಟ್ಟುತ್ತದೆ, ಎರಡನೆಯ ದಿನ ಕುಕೀ ಬಿರುಸಾಗುವುದಕ್ಕೆ ಅದೂ ಒಂದು ಕಾರಣ. ಜೇನಿನಲ್ಲಿರುವ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಆ ಹರಳುಗಟ್ಟುವಿಕೆಗೆ ಅಡ್ಡ ಬರುತ್ತವೆ. ಫ್ರಕ್ಟೋಸ್ ಅಂತೂ ತೇವವನ್ನು ಸಾಮಾನ್ಯ ಸಕ್ಕರೆಗಿಂತ ಹೆಚ್ಚು ಹೀರಿ ಹಿಡಿಯುತ್ತದೆ.

ಹಿಟ್ಟಿನ ಕಥೆ ಬೇರೆಯೇ. ಜೋಳದ ಹಿಟ್ಟಿಗೆ ಜಿಗಿ ಇಲ್ಲ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಜೋಳದ ಪ್ರೋಟೀನು ಗೋಧಿಯದರಂತೆ ಎಳೆ ಬಿಡುವುದಿಲ್ಲ, ಅದಕ್ಕೇ ಎಸರು ಕಾಯಿಸಿ ಸುರಿದು ಹಿಟ್ಟಿನ ಪಿಷ್ಟವನ್ನು ಉಬ್ಬಿಸಿ, ಅಂಟು ತರಿಸಿ, ಆಮೇಲೆ ನಾದಿ ಬಡಿಯುತ್ತೇವೆ. ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ನೀರು ತಗುಲಿದೊಡನೆ ಕೂಡಿ ಗ್ಲುಟೆನ್ ಜಾಲ ಕಟ್ಟುತ್ತವೆ, ನಾದಿದಷ್ಟೂ ಅದು ಬಿಗಿಯುತ್ತದೆ. ಚಪಾತಿಗೆ ಆ ಬಿಗಿ ಬೇಕು. ಮೆತ್ತನೆಯ ಕುಕೀಗೆ ಗ್ಲುಟೆನ್ನಿನ ಬಿಗಿಯೂ ಬೇಡ, ಪಿಷ್ಟದ ಅಂಟೂ ಬೇಡ. ಇಲ್ಲಿ ಬೆಣ್ಣೆ ಹಿಟ್ಟಿನ ಕಣಗಳಿಗೆ ಲೇಪವಾಗಿ ನೀರು ತಾಗದಂತೆ ನೋಡಿಕೊಳ್ಳುತ್ತದೆ. ಸಕ್ಕರೆ ಇದ್ದಬದ್ದ ನೀರನ್ನು ತನ್ನ ಕಡೆ ಎಳೆದುಕೊಂಡು ಗ್ಲುಟೆನ್ ಕಟ್ಟದಂತೆ ತಡೆಯುತ್ತದೆ, ಪಿಷ್ಟ ಉಬ್ಬಲು ಬೇಕಾದ ಉಷ್ಣಾಂಶವನ್ನೂ ಮೇಲಕ್ಕೆ ತಳ್ಳುತ್ತದೆ. ಬೆಂದ ಕುಕೀಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪಿಷ್ಟದ ಕಣಗಳಲ್ಲಿ ಹೆಚ್ಚಿನವು ಉಬ್ಬದೆ ಹಾಗೇ ಉಳಿದಿರುತ್ತವೆ. ರೊಟ್ಟಿಗೂ ಕುಕೀಗೂ ಒಳಗಿನ ಕಟ್ಟೋಣವೇ ಬೇರೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ.

ಮೈದಾದಲ್ಲಿ ಪ್ರೋಟೀನು ಸುಮಾರು ಶೇಕಡಾ 10. ಅದರೊಂದಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಬೆರೆಸಿದರೆ ಆ ಪ್ರಮಾಣ ಇನ್ನೂ ತಗ್ಗುತ್ತದೆ, ಕಚ್ಚಿದಾಗ ನವಿರು ಬರುತ್ತದೆ. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು ಹಾಕಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಅರ್ಧದವರೆಗೆ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆದಿರುತ್ತವೆ, ಒಡೆದ ಪಿಷ್ಟ ವಿಪರೀತ ನೀರು ಕುಡಿಯುತ್ತದೆ.

ಅಳತೆ ಹೀಗಿರಲಿ. 300 ಗ್ರಾಂ ಮೈದಾ, 15 ಗ್ರಾಂ ಕಾರ್ನ್‌ಫ್ಲೋರ್, ಒಂದೂವರೆ ಚಿಕ್ಕ ಚಮಚ ಬೇಕಿಂಗ್ ಪೌಡರ್, ಕಾಲು ಚಿಕ್ಕ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, 150 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ, ಒಂದು ಮೊಟ್ಟೆ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು ಎರಡು ದೊಡ್ಡ ಚಮಚ, ವೆನಿಲಾ ಒಂದು ಚಿಕ್ಕ ಚಮಚ. ಬೆಣ್ಣೆಗೆ ಉಪ್ಪು ಮೊದಲೇ ಹಾಕಿದ್ದರೆ ಚಿಟಿಕೆ ಉಪ್ಪು ಬಿಡಿ. ಮೊಸರಿನ ಹುಳಿ ಸೋಡಾದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತದೆ, ಜೊತೆಗೆ ಗ್ಲುಟೆನ್ನಿನ ಬಿಗಿಯನ್ನೂ ಸಡಿಲಿಸುತ್ತದೆ. ಮೊಟ್ಟೆ ಮುಟ್ಟದ ಮನೆಗಳು ನಮ್ಮ ಕಡೆ ಬಹಳ. ಅಂಥಲ್ಲಿ ಇನ್ನೂ ಮೂರು ಚಮಚ ಗಟ್ಟಿ ಮೊಸರು, ಒಂದು ಚಮಚ ಹಾಲಿನ ಪುಡಿ ಸಾಕು. ಮೊಟ್ಟೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಕೊಡುವ ಹಿಡಿತ ಇದರಲ್ಲಿ ಸ್ವಲ್ಪ ಕಡಿಮೆ, ಆದ್ದರಿಂದ ತೀರಾ ಸಣ್ಣ ಕೊಂಬುಗಳಿರುವ ಅಚ್ಚು ಬೇಡ.

ಬೆಣ್ಣೆ ಮತ್ತು ಸಕ್ಕರೆಯನ್ನು ಕೂಡಿಸಿ ಕಡೆಯುವ ಹಂತವನ್ನು ಅವಸರದಲ್ಲಿ ಮುಗಿಸಬಾರದು. ಸಕ್ಕರೆಯ ಚೂಪು ಅಂಚುಗಳು ಬೆಣ್ಣೆಯನ್ನು ಕೊರೆದು ಗಾಳಿಯ ಸಣ್ಣ ಗುಳ್ಳೆಗಳನ್ನು ಒಳಗೆ ಸೇರಿಸುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇಲ್ಲಿ ಸೇರಿಕೊಂಡ ಗುಳ್ಳೆಗಳನ್ನೇ ಓವನ್ನಿನಲ್ಲಿ ಹಿಗ್ಗಿಸುತ್ತದೆ. ಗುಳ್ಳೆ ನಿಲ್ಲಬೇಕಾದರೆ ಬೆಣ್ಣೆಯ ಕೊಬ್ಬು ಒಂದಷ್ಟು ಹರಳಾಗಿ, ಒಂದಷ್ಟು ದ್ರವವಾಗಿ ಇರಬೇಕು. 18ರಿಂದ 20 ಡಿಗ್ರಿಯಲ್ಲಿ ಅದು ಹಾಗಿರುತ್ತದೆ: ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಬೆರಳು ಜಾರುವುದಿಲ್ಲ. ಕರಗಿ ಎಣ್ಣೆಯಂತಾದ ಬೆಣ್ಣೆಯಲ್ಲಿ ಗಾಳಿ ನಿಲ್ಲದು, ಕುಕೀ ಚಪ್ಪಟೆಯಾಗಿ ಹರಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬೆಳಗಿನ ಜಾವ ಶುರು ಮಾಡಿ, ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ನೀರಿನ ಮೇಲಿಟ್ಟು ಕಡೆಯುವುದೇ ದಾರಿ. ಡಿಸೆಂಬರಿನ ಮುಂಜಾನೆ ಮಾತ್ರ ನಮ್ಮ ಅಡುಗೆಮನೆಯೂ ಹದವಾಗಿ ತಂಪಿರುತ್ತದೆ. ಬೀದರ್ ನಮಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯವರಿಗೆ ಈ ಕಷ್ಟ ಸ್ವಲ್ಪ ಕಡಿಮೆ.

ಮೈದಾ ಬಿದ್ದ ಮೇಲೆ ನಾದುವ ಮಾತಿಲ್ಲ, ಕೂಡಿಬಂದರೆ ಸಾಕು. ಎರಡು ಬಟರ್ ಪೇಪರ್ ನಡುವೆ ಇಟ್ಟು 8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಾಗೆಯೇ ಫ್ರಿಜ್ಜಿನಲ್ಲಿ ಒಂದು ತಾಸು ಬಿಡಿ, ಆಮೇಲೆ ಅಚ್ಚಿನಲ್ಲಿ ಕತ್ತರಿಸಿ. ಲಟ್ಟಿಸುವಾಗ ಒಣ ಹಿಟ್ಟು ಉದುರಿಸಿದರೆ ಅದೂ ನೀರು ಕುಡಿಯುತ್ತದೆ, ಪೇಪರ್ ಇದ್ದರೆ ಆ ಚಿಂತೆ ಇಲ್ಲ. ದಪ್ಪಕ್ಕೂ ಕಾರಣವಿದೆ. ತೆಳುವಾದ ಕುಕೀಗೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಓವನ್ನಿನಲ್ಲಿ ನೀರು ಬೇಗ ಆವಿಯಾಗಿ ಹೋಗುತ್ತದೆ.

175 ಡಿಗ್ರಿಗೆ ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 9ರಿಂದ 11 ನಿಮಿಷ. ಹೆಚ್ಚಿನ ಕುಕೀಗಳು ಗಟ್ಟಿಯಾಗುವುದು ಇಲ್ಲಿಯೇ. ತೆಗೆಯುವ ಹೊತ್ತಿಗೆ ನಡುಭಾಗ ಇನ್ನೂ ಬಿಳಿಚಿರುತ್ತದೆ, ಮುಟ್ಟಿದರೆ ಕುಸಿಯುತ್ತದೆ. ಪಕ್ಕದಲ್ಲಿ ನಿಂತ ಅತ್ತೆಯವರು ‘ಇನ್ನಾ ಹಸಿ ಅವ, ಮತ್ತೆರಡು ನಿಮಿಷ ಒಳಗಿಡವಾ’ ಅನ್ನುವುದು ಸಹಜ. ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಹೆಂಚಿನ ಮೇಲೆಯೇ ನೋಡಿ ಹೇಳಬಲ್ಲ ಕಣ್ಣು ಅವರದು. ಆದರೆ ಕುಕೀಯ ಗಟ್ಟಿತನ ಬರುವುದು ತಣ್ಣಗಾಗುವಾಗ. ಬಿಸಿಯಲ್ಲಿ ಬೆಣ್ಣೆ ದ್ರವ, ಸಕ್ಕರೆ ಪಾಕ. ಆರುತ್ತಾ ಹೋದಂತೆ ಬೆಣ್ಣೆ ಹೆಪ್ಪುಗಟ್ಟುತ್ತದೆ, ಪಾಕ ದಪ್ಪವಾಗುತ್ತದೆ. ಬಿಸಿಯಲ್ಲೇ ಗಟ್ಟಿ ಅನಿಸುವವರೆಗೆ ಬಿಟ್ಟರೆ ತಣ್ಣಗಾದ ಮೇಲೆ ಕಡಕ್ ಆಗುವುದು ಖಂಡಿತ. ಅಂಚಿನ ಹೊಳಪು ಮಾಸಿ, ತಳಕ್ಕೆ ಒಣಹುಲ್ಲಿನ ಬಣ್ಣದ ಛಾಯೆ ಬಂದಾಗ ತೆಗೆದು, ಬಿಸಿ ಟ್ರೇಯಲ್ಲೇ ಐದು ನಿಮಿಷ ಬಿಡಿ, ಉಳಿದ ಬೇಯುವಿಕೆ ಅಲ್ಲೇ ಮುಗಿಯುತ್ತದೆ. ಕಂದು ಬಣ್ಣ ತರುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಯ್ ಮಯ್ಯಾರ್ 1912ರಲ್ಲಿ ವಿವರಿಸಿದ. ಪ್ರೋಟೀನಿನ ಅಂಶಗಳೂ ಕೆಲವು ಸಕ್ಕರೆಗಳೂ ಸೇರಿ ನಡೆಸುವ ಈ ಕ್ರಿಯೆ 140 ಡಿಗ್ರಿ ದಾಟಿದ ಮೇಲೆ ಜೋರಾಗುತ್ತದೆ. ಒದ್ದೆ ಇರುವವರೆಗೆ ಮೇಲ್ಮೈ ಅಷ್ಟು ಬಿಸಿಯಾಗದು. ಅಂದರೆ ಮೇಲೆಲ್ಲ ಕಂದು ಬಂದಿದೆ ಎಂದರೆ ಅಲ್ಲಿಯ ನೀರು ಆಗಲೇ ಹೋಗಿದೆ.

ಅಲಂಕಾರಕ್ಕೆ ಕುಕೀ ಪೂರ್ತಿ ತಣ್ಣಗಿರಬೇಕು. ಬೆಚ್ಚಗಿದ್ದರೆ ಬೆಣ್ಣೆ ಐಸಿಂಗಿಗೆ ಏರಿ ಹಳದಿ ಕಲೆ ಬೀಳುತ್ತದೆ. 40 ಡಿಗ್ರಿಯ ಕೋಣೆಯಲ್ಲಿ ಇಟ್ಟರೂ ಇದೇ ಗತಿ. ಐಸಿಂಗಿಗೆ ಹಸಿ ಮೊಟ್ಟೆಯ ಬಿಳಿ ಹಾಕುವವರಿದ್ದಾರೆ, ಆದರೆ ಅದರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯವಿದೆ, ಮಕ್ಕಳಿಗೆ ಕೊಡುವುದಾದರೆ ಬೇಡವೇ ಬೇಡ. 150 ಗ್ರಾಂ ಐಸಿಂಗ್ ಶುಗರಿಗೆ ಎರಡು ದೊಡ್ಡ ಚಮಚ ನೀರು, ಕೆಲವು ಹನಿ ನಿಂಬೆರಸ, ಒಂದು ಚಿಕ್ಕ ಚಮಚ ಲಿಕ್ವಿಡ್ ಗ್ಲೂಕೋಸ್ ಹಾಕಿದರೆ ಒಳ್ಳೆಯ ಐಸಿಂಗ್ ಆಗುತ್ತದೆ. ಗ್ಲೂಕೋಸ್ ಇದ್ದರೆ ಹರಳುಗಳು ಸಣ್ಣದಾಗಿಯೇ ಉಳಿದು ಕಚ್ಚಿದಾಗ ಕಲ್ಲಿನಂತಿರುವುದಿಲ್ಲ. ಚಮಚದಿಂದ ಎತ್ತಿ ಬಿಟ್ಟ ಎಳೆ 15 ಸೆಕೆಂಡಿನಲ್ಲಿ ಕೆಳಗಿನದರಲ್ಲಿ ಬೆರೆತುಹೋದರೆ ಹದ ಸರಿ. ಅಂಚಿನ ಗೆರೆಗೆ ಇದಕ್ಕಿಂತ ಗಟ್ಟಿ ಇರಲಿ. ಒಣಹವೆಯಲ್ಲಿ ಮೇಲೆ ಬೇಗ ಕೆನೆಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ, ಆಮೇಲೆ ಕುಸಿದು ಗುಳಿ ಬೀಳುತ್ತದೆ. ಹಾಗಾಗಿ ಫ್ಯಾನಿನ ಕೆಳಗೆ ಇಡಬಾರದು, ಐಸಿಂಗ್ ತುಂಬಿ ಹಿಂಡುವ ಕೋನಿನ ತುದಿಗೆ ಒದ್ದೆ ಬಟ್ಟೆ ಮುಚ್ಚಿರಬೇಕು. ಮಳೆಗಾಲದಲ್ಲಿ ಇದು ತಲೆಕೆಳಗು: ಐಸಿಂಗ್ ಆರುವುದೇ ಇಲ್ಲ, ಆಗ ಫ್ಯಾನ್ ಬೇಕು.

ಬಣ್ಣಕ್ಕೆ ಬೀಟ್‌ರೂಟ್, ಅರಿಶಿನ, ಶಂಖಪುಷ್ಪ ಸಾಕಷ್ಟು. ಶಂಖಪುಷ್ಪದ ನೀಲಿಗೆ ನಿಂಬೆರಸ ತಾಗಿದರೆ ನೇರಳೆಯಾಗುತ್ತದೆ, ಆದ್ದರಿಂದ ನೀಲಿಯೇ ಬೇಕಿದ್ದರೆ ಆ ಐಸಿಂಗಿಗೆ ನಿಂಬೆ ಹಾಕಬೇಡಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುವವರಿಗೆ, ಸೋಡಾ ಜಾಸ್ತಿಯಾದ ಕುಕೀಯ ಮೇಲೆ ಹಳದಿ ಐಸಿಂಗ್ ಕೆಂಪಗಾಗುವುದು ಏಕೆಂದು ಬೇರೆ ಹೇಳಬೇಕಿಲ್ಲ. ಎರಡೂ ಕ್ಷಾರದ ಕೆಲಸ.

ನನಗೆ ತುಂಬಾ ಹಿಡಿಸುವುದು ಬಿದರಿಯ ವಿನ್ಯಾಸ. 300 ಗ್ರಾಂ ಮೈದಾದಲ್ಲಿ 40 ಗ್ರಾಂ ತೆಗೆದು ಅಷ್ಟೇ ಕೋಕೋ ಪುಡಿ ಹಾಕಿದರೆ ಕುಕೀ ಕಡುಗಪ್ಪಿಗೆ ಹತ್ತಿರ ಬರುತ್ತದೆ. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಕೊರೆದು ಬೆಳ್ಳಿಯ ತಂತಿ ಕೂರಿಸುವ ತಾರ್‌ಕಶಿ ಕೆಲಸದ ಬಳ್ಳಿಗಳನ್ನು ಬಿಳಿ ಐಸಿಂಗಿನ ಗೆರೆಗಳಲ್ಲಿ ತರಬಹುದು. ಇದಕ್ಕೆ ಗಟ್ಟಿ ಹದದ ಐಸಿಂಗೇ ಬೇಕು. ನೀರು ಹೆಚ್ಚಿದ್ದರೆ ಕುಕೀಯ ಕಂದು ಬಣ್ಣ ಬಿಳಿ ಗೆರೆಗೆ ಏರುತ್ತದೆ. ಕೋಕೋ ಪುಡಿ ಮೈದಾಕ್ಕಿಂತ ಹೆಚ್ಚು ನೀರು ಹೀರುವುದರಿಂದ ಹಿಟ್ಟಿಗೆ ಇನ್ನೊಂದು ಚಮಚ ಮೊಸರು ಸೇರಿಸಿ. ಕಪ್ಪು ಕುಕೀಯಲ್ಲಿ ಬಣ್ಣ ನೋಡಿ ಬೆಂದಿದೆಯೆಂದು ತಿಳಿಯಲು ಬಾರದು, ಅಂಚು ಮುಟ್ಟಿ ನೋಡಿ, ಇಲ್ಲವೇ ಗಡಿಯಾರವನ್ನು ನಂಬಿ.