ಪದ ಪರಿಚಯ: ಹೊಂದಾಣಿಕೆಯಾಗದ ರಾಸಾಯನಿಕಗಳು

ಅದಿರು ಸಂಸ್ಕರಣಾ ಘಟಕಗಳ ಸುರಕ್ಷತಾ ಕೈಪಿಡಿಗಳಲ್ಲಿ ‘ಹೊಂದಾಣಿಕೆಯಾಗದ ರಾಸಾಯನಿಕಗಳು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಂದಕ್ಕೊಂದು ತಾಗಿದಾಗ ವಿಷಾನಿಲವನ್ನೋ ಬೆಂಕಿಯನ್ನೋ ಹತೋಟಿ ಮೀರಿದ ಶಾಖವನ್ನೋ ಹುಟ್ಟಿಸುವ ಪದಾರ್ಥಗಳಿಗೆ ಈ ಹೆಸರು ಸಲ್ಲುತ್ತದೆ. ವಿಷತ್ವ, ದಹನಶೀಲತೆ, ಚರ್ಮವನ್ನು ಸುಡುವ ಗುಣ ಇವೆಲ್ಲ ಒಂದೊಂದು ಪದಾರ್ಥಕ್ಕೆ ಸೇರಿದ ಗುಣಗಳಾದ್ದರಿಂದ ಅವುಗಳನ್ನು ಡ್ರಮ್ಮಿನ ಮೇಲೆ ಚಿಹ್ನೆಯಾಗಿ ಅಂಟಿಸಬಹುದು. ಹೊಂದಾಣಿಕೆಯ ಪ್ರಶ್ನೆ ಏಳುವುದು ಎರಡು ಪದಾರ್ಥಗಳ ನಡುವೆ. ಪಕ್ಕದಲ್ಲಿ ಏನಿದೆ ಎಂಬುದನ್ನು ಯಾವ ಡ್ರಮ್ಮಿನ ಚೀಟಿಯೂ ಹೇಳಲಾರದು.

ಎಲ್ಲರೂ ಮೊದಲು ನೆನೆಯುವ ಜೋಡಿ ಸಯನೈಡ್ ಮತ್ತು ಆಮ್ಲ. ಚಿನ್ನವನ್ನು ಕರಗಿಸಲು ಬಳಸುವ ಸೋಡಿಯಂ ಸಯನೈಡ್ ದ್ರಾವಣವನ್ನು ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಬೆರೆಸಿ ಸಾಮಾನ್ಯವಾಗಿ ಪಿಹೆಚ್ (ಆಮ್ಲೀಯತೆಯ ಅಳತೆ; ಅದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) 10.5ರ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರಿಸುತ್ತಾರೆ. ಆಮ್ಲ ಸೇರಿ ಪಿಹೆಚ್ 9.2ಕ್ಕೆ ಇಳಿಯುವ ಹೊತ್ತಿಗೆ ದ್ರಾವಣದಲ್ಲಿರುವ ಮುಕ್ತ ಸಯನೈಡಿನ ಸುಮಾರು ಅರ್ಧ ಭಾಗ ಹೈಡ್ರೋಜನ್ ಸಯನೈಡ್ ಎಂಬ ವಿಷವಾಗಿ ಮಾರ್ಪಟ್ಟಿರುತ್ತದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರವವಾದ್ದರಿಂದ ಸುಲಭವಾಗಿ ಆವಿಯಾಗಿ ಗಾಳಿಗೆ ಸೇರುತ್ತದೆ. ಅದರ ವಾಸನೆ ಕೆಲವರಿಗೆ ತಿಳಿಯುವುದೇ ಇಲ್ಲ; ಹಾಗಾಗಿ ಮೂಗನ್ನು ನಂಬದೆ ಅನಿಲ ಪತ್ತೆಯಂತ್ರವನ್ನು ನಂಬಬೇಕು. ತಾಮ್ರ ಮತ್ತು ಮಾಲಿಬ್ಡಿನಮ್ ಖನಿಜಗಳನ್ನು ಬೇರ್ಪಡಿಸಲು ಬಳಸುವ ಸೋಡಿಯಂ ಹೈಡ್ರೋಸಲ್ಫೈಡ್ ಆಮ್ಲಕ್ಕೆ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಕೊಳೆತ ಮೊಟ್ಟೆಯ ನಾತದ ಈ ಅನಿಲ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಗೊತ್ತಾಗುತ್ತದೆ, ಆದರೆ ಹತ್ತು ಲಕ್ಷದಲ್ಲಿ 100 ಭಾಗದಷ್ಟಾದಾಗ ಘ್ರಾಣಶಕ್ತಿಯನ್ನೇ ಕುಂದಿಸಿಬಿಡುತ್ತದೆ. ನಾತ ನಿಂತಿತೆಂದು ಒಳಗೆ ಹೋಗುವವನಿಗೆ ಅಪಾಯ ಹೆಚ್ಚು.

ಗಂಧಕಾಮ್ಲದ ಟ್ಯಾಂಕನ್ನು ಸಯನೈಡ್ ಕೊಠಡಿಯ ಪಕ್ಕದಲ್ಲಿ ಕಟ್ಟುವಷ್ಟು ಅಜಾಗ್ರತೆ ಅಪರೂಪ. ಎಡವುವುದು ಆಮ್ಲವೆಂಬ ಹೆಸರಿಲ್ಲದ ಆಮ್ಲೀಯ ಪದಾರ್ಥಗಳ ವಿಷಯದಲ್ಲಿ. ಸತುವಿನ ಅದಿರನ್ನು ತೇಲಿಸುವ ಮುನ್ನ ಬಳಸುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಚೀಲದಲ್ಲಿ ನೀಲಿ ಹರಳುಗಳಾಗಿ ಬರುತ್ತದೆ. ನೋಡಿದವರಿಗೆ ಅದೊಂದು ಲವಣ. ನೀರಿನಲ್ಲಿ ಕರಗಿಸಿದರೆ ಅದರ ದ್ರಾವಣ ಆಮ್ಲೀಯವಾಗಿದ್ದು, ಸಾಮಾನ್ಯ ಉಕ್ಕಿನ ಕೊಳವೆಯನ್ನೂ ತಿನ್ನುತ್ತದೆ. ಸೋಡಿಯಂ ಮೆಟಾಬೈಸಲ್ಫೈಟ್ ಕೂಡ ಹೀಗೆಯೇ: ಅದರ ದ್ರಾವಣ ಆಮ್ಲೀಯ, ತೇವ ತಾಗಿದ ಚೀಲ ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ. ದಾಸ್ತಾನಿನ ಪಟ್ಟಿಯಲ್ಲಿ ಇವೆರಡನ್ನೂ ‘ಲವಣಗಳು’ ಎಂಬ ಶೀರ್ಷಿಕೆಯಡಿ ಸಯನೈಡಿನ ಜೊತೆಗೇ ಬರೆದಿಡುವುದು ನನ್ನ ದೃಷ್ಟಿಯಲ್ಲಿ ಆಮ್ಲದ ಟ್ಯಾಂಕನ್ನು ಹತ್ತಿರ ತರುವುದಕ್ಕಿಂತ ಹೆಚ್ಚು ನಂಬಿಸಿ ಮೋಸಮಾಡುವ ತಪ್ಪು.

ಜೋಡಿಯ ಎರಡನೆಯ ಪದಾರ್ಥ ಡ್ರಮ್ಮಿನಲ್ಲಿಯೇ ಇರಬೇಕೆಂದಿಲ್ಲ, ಮಳೆನೀರೂ ಆಗಬಹುದು. ಸುಟ್ಟ ಸುಣ್ಣದ ಚೀಲ ನೆನೆದರೆ ಪಕ್ಕದ ಮರದ ಹಲಗೆ ಹೊತ್ತಿಕೊಳ್ಳುವಷ್ಟು ಶಾಖ ಏಳಬಹುದು. ಫ್ಲೋಟೇಶನ್‌ನಲ್ಲಿ, ಅಂದರೆ ಖನಿಜವನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ವಿಧಾನದಲ್ಲಿ, ಸಲ್ಫೈಡ್ ಖನಿಜಗಳನ್ನು ನೊರೆಗೆ ಅಂಟಿಸುವ ಕ್ಸ್ಯಾಂಥೇಟ್ ಇನ್ನೂ ಸೂಕ್ಷ್ಮ. ಹಳದಿ ಬಣ್ಣದ ಈ ಗುಳಿಗೆಗಳು ತೇವ, ಬಿಸಿ ಅಥವಾ ಆಮ್ಲ ತಾಗಿದಾಗ ಒಡೆದು ಕಾರ್ಬನ್ ಡೈಸಲ್ಫೈಡನ್ನು ಬಿಡುತ್ತವೆ. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ನೆಲದಲ್ಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲ್ಮೈ ತಾಗಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ಹಬೆಯ ಕೊಳವೆಯೊಂದು ಅದಕ್ಕೆ ಸಾಕು. ಆದ್ದರಿಂದಲೇ ಕ್ಸ್ಯಾಂಥೇಟ್ ಉಗ್ರಾಣಕ್ಕೆ ಒಣ ನೆಲ, ತಂಪು ಮತ್ತು ನೆಲಮಟ್ಟದಲ್ಲೂ ಗಾಳಿಯಾಡುವ ಕಿಂಡಿಗಳು ಬೇಕು. ಮೊದಲು ಬಂದ ಚೀಲ ಮೊದಲು ಖಾಲಿಯಾಗಬೇಕು.

ಹೊಂದದ ಪದಾರ್ಥಗಳನ್ನು ದೂರವಿಡುವುದಕ್ಕೆ ಬೇರ್ಪಡಿಕೆ ಎನ್ನುತ್ತಾರೆ. ಇದನ್ನು ಕೇವಲ ಅಂತರದ ಲೆಕ್ಕವೆಂದು ತಿಳಿದರೆ ಸಾಲದು. ದ್ರವಗಳ ಟ್ಯಾಂಕಿನ ಸುತ್ತ ಕಟ್ಟುವ ತಡೆಗೋಡೆಯನ್ನು ಬಂಡ್ ಎನ್ನುವರು. ಅದು ಒಳಗಿನ ಅತಿ ದೊಡ್ಡ ಟ್ಯಾಂಕಿನ 110 ಪ್ರತಿಶತ ಪ್ರಮಾಣವನ್ನು ಹಿಡಿದಿಡಬೇಕೆಂಬುದು ವ್ಯಾಪಕವಾಗಿ ಪಾಲಿಸುವ ರೂಢಿ. ಆಮ್ಲಕ್ಕೊಂದು, ಸಯನೈಡಿಗೊಂದು ಬಂಡ್ ಕಟ್ಟಿ, ಎರಡರ ಚರಂಡಿಯನ್ನೂ ಒಂದೇ ಸಂಪ್ ಗುಂಡಿಗೆ ಹರಿಸಿದರೆ ಗೋಡೆ ಕಟ್ಟಿದ ಶ್ರಮವೆಲ್ಲ ನೆಲದಡಿಯಲ್ಲಿ ವ್ಯರ್ಥವಾಗುತ್ತದೆ. ನಕ್ಷೆಯಲ್ಲಿ ಟ್ಯಾಂಕುಗಳ ಸ್ಥಾನವನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಚರಂಡಿಯ ಗೆರೆಯನ್ನು ಬೆರಳಿಟ್ಟು ಕೊನೆಯವರೆಗೆ ಹಿಂಬಾಲಿಸುವವರು ಕಡಿಮೆ. ಒಂದೇ ಸಲಿಕೆಯಿಂದ ಎರಡು ಚೀಲ ಖಾಲಿ ಮಾಡುವುದು, ಒಂದೇ ಅಳತೆಯ ಜೋಡಣೆಯಿರುವ ಎರಡು ಟ್ಯಾಂಕುಗಳಿಗೆ ಒಂದೇ ಟ್ಯಾಂಕರ್ ಹೋಸ್ ಹೊಂದುವಂತಿರುವುದು, ಇವೂ ಸಂಪರ್ಕದ ದಾರಿಗಳೇ. ಬೇರೆ ಬೇರೆ ಅಳತೆಯ ಜೋಡಣೆಗಳನ್ನೂ ಬೀಗವನ್ನೂ ಬಳಸುವುದು ಎಚ್ಚರಿಕೆಯ ಫಲಕಕ್ಕಿಂತ ಗಟ್ಟಿಯಾದ ಉಪಾಯ.

ಪ್ರಕ್ರಿಯೆಯೇ ಆಮ್ಲ, ಸಯನೈಡ್ ಎರಡನ್ನೂ ಹತ್ತಿರ ತರುವ ಸಂದರ್ಭವೂ ಉಂಟು. ಚಿನ್ನವನ್ನು ಹೀರಿದ ಇಂಗಾಲದಿಂದ ಸುಣ್ಣದ ಪದರವನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಬಳಿಕ ಚಿನ್ನವನ್ನು ಬಿಡಿಸಲು ಕಾಸ್ಟಿಕ್ ಮತ್ತು ಸಯನೈಡಿನ ಬಿಸಿ ದ್ರಾವಣವನ್ನು ಬಳಸುವ ಘಟಕಗಳಿವೆ. ಕೆಲವೆಡೆ ಇವೆರಡೂ ಒಂದೇ ಕಂಬದಾಕಾರದ ಪಾತ್ರೆಯಲ್ಲಿ ಒಂದಾದ ಮೇಲೊಂದು ನಡೆಯುತ್ತವೆ. ಅಲ್ಲಿ ಬೇರ್ಪಡಿಕೆ ಎಂದರೆ ನಡುವೆ ನಡೆಯುವ ನೀರಿನ ತೊಳೆತ ಹಾಗೂ ಹೊರಬರುವ ನೀರಿನ ಪಿಹೆಚ್ ಅಳೆದ ಮೇಲಷ್ಟೇ ತೆರೆಯುವ ಕವಾಟ.

ಯಾವುದರ ಜೊತೆ ಯಾವುದು ಸಲ್ಲದು ಎಂದು ತಿಳಿಯಲು ಸುರಕ್ಷತಾ ದತ್ತಾಂಶ ಪತ್ರವನ್ನು ಓದಬೇಕು. ವಿಶ್ವಸಂಸ್ಥೆಯ ಜಾಗತಿಕ ವರ್ಗೀಕರಣ ವ್ಯವಸ್ಥೆಯ ಪ್ರಕಾರ ಅದರಲ್ಲಿ 16 ವಿಭಾಗಗಳಿದ್ದು, 7ನೆಯದು ನಿರ್ವಹಣೆ ಮತ್ತು ಸಂಗ್ರಹಣೆಯ ಬಗ್ಗೆ, 10ನೆಯದು ಸ್ಥಿರತೆ ಮತ್ತು ಪ್ರತಿಕ್ರಿಯಾಶೀಲತೆಯ ಬಗ್ಗೆ ಹೇಳುತ್ತವೆ. ಆ 10ನೆಯ ವಿಭಾಗಗಳನ್ನೆಲ್ಲ ಒಟ್ಟುಗೂಡಿಸಿ, ಘಟಕದಲ್ಲಿರುವ ಪದಾರ್ಥಗಳನ್ನು ಅಡ್ಡಸಾಲಿನಲ್ಲೂ ಲಂಬಸಾಲಿನಲ್ಲೂ ಬರೆದು ತಯಾರಿಸಿದ ಕೋಷ್ಟಕವೇ ಹೊಂದಾಣಿಕೆ ಪಟ್ಟಿ. ಅದರಲ್ಲಿ ನೀರಿಗೂ ಗಾಳಿಗೂ ಒಂದೊಂದು ಸಾಲು ಇರಬೇಕು. ಅಗ್ನಿಶಾಮಕ ಪದಾರ್ಥಗಳಿಗೂ ಇರಬೇಕು, ಏಕೆಂದರೆ ಇಂಗಾಲದ ಡೈಆಕ್ಸೈಡ್ ತೇವದೊಡನೆ ಸೇರಿ ಸಯನೈಡಿನಿಂದ ವಿಷಾನಿಲವನ್ನು ಹೊರಡಿಸಬಲ್ಲದು. ಸಯನೈಡ್ ಉಗ್ರಾಣದ ಬಾಗಿಲಲ್ಲಿ ಒಣಪುಡಿಯ ನಂದಕವನ್ನೇ ತೂಗುಹಾಕುವುದು ಇದೇ ಕಾರಣಕ್ಕೆ.