ನೋಟ್‌ಬುಕ್ ತುಂಬಿದೆ, ಬರವಣಿಗೆ ಎಲ್ಲಿದೆ?

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ, ಯಾವ ಊರಾದರೂ ಸರಿ, ಹೈಸ್ಕೂಲು ಹುಡುಗಿಯೊಬ್ಬಳ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿ. ಅಕ್ಷರ ದುಂಡಗೆ, ಸಾಲು ನೇರ. ‘ಮೈ ಸ್ಕೂಲ್’, ‘ಪೊಲ್ಯೂಷನ್’, ರಜಾ ಅರ್ಜಿ, ಎಲ್ಲವೂ ಒಂದೂ ತಪ್ಪಿಲ್ಲದೆ ಇರುತ್ತವೆ. ಅದೇ ಹುಡುಗಿಗೆ ‘ನಿನ್ನೆ ಸಂಜೆ ಮನೆಯಲ್ಲಿ ಏನೇನಾಯ್ತು, ಇಂಗ್ಲಿಷಿನಲ್ಲಿ ಐದು ಸಾಲು ಬರಿ’ ಎಂದು ಹೇಳಿ. ಪೆನ್ನು ಅಲ್ಲೇ ನಿಲ್ಲುತ್ತದೆ. ಅಷ್ಟು ಪುಟಗಳಲ್ಲಿ ಇದ್ದದ್ದೆಲ್ಲ ಬೋರ್ಡಿನಿಂದ, ಗೈಡಿನಿಂದ ಇಳಿಸಿಕೊಂಡದ್ದು.

2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಎಸ್‌ಎಸ್‌ಎಲ್‌ಸಿಗೆ ಬರುವಷ್ಟರಲ್ಲಿ ಹತ್ತು ವರ್ಷ ಕಲಿತ ಹಾಗಾಯಿತು. ಆದರೂ ಸ್ವಂತದ್ದು ಅಂತ ಐದು ಸಾಲು ಬರುವುದಿಲ್ಲ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಗು ದಡ್ಡ ಅಲ್ಲ. ಬರವಣಿಗೆ ತಲೆಯೊಳಗೆ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ ಅರವತ್ತು ವರ್ಷಗಳಿಂದ ಒಳ್ಳೆಯ ಸಂಶೋಧನೆ ನಡೆದಿದೆ. ಅದು ನಮ್ಮ ತರಗತಿಯ ಬಾಗಿಲು ದಾಟಿ ಒಳಗೆ ಬಂದದ್ದು ತೀರಾ ಕಡಿಮೆ.

ಅಮೆರಿಕದ ಜಾನೆಟ್ ಎಮಿಗ್ ಷಿಕಾಗೊ ಸುತ್ತಮುತ್ತಲ 12ನೇ ತರಗತಿಯ ಎಂಟು ಮಕ್ಕಳನ್ನು ಕೂರಿಸಿಕೊಂಡು, ಬರೆಯುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದರು. ಆ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಬರೆದು ಮುಗಿದ ಪ್ರಬಂಧವನ್ನು ನೋಡುವವರೇ ಜಾಸ್ತಿ, ಬರೆಯುತ್ತಿರುವ ಮಗುವನ್ನು ನೋಡುವವರು ಕಡಿಮೆ. ಮೊದಲು ಪಟ್ಟಿ, ಆಮೇಲೆ ಬರಹ, ಕೊನೆಗೆ ತಿದ್ದುವುದು ಎಂದು ಪಠ್ಯಪುಸ್ತಕಗಳು ಹೇಳುವ ಕ್ರಮದಲ್ಲಿ ಆ ಮಕ್ಕಳು ಬರೆಯುತ್ತಿರಲಿಲ್ಲ. ಶಾಲೆಗಾಗಿ ಬರೆಯುವಾಗ ಬೇಗ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ತಮಗೋಸ್ಕರ ಬರೆಯುವಾಗ ತುಂಬಾ ಹೊತ್ತು ಯೋಚಿಸುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು.

1981ರಲ್ಲಿ ಪಿಟ್ಸ್‌ಬರ್ಗ್‌ನ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಇದನ್ನೇ ಮುಂದುವರಿಸಿದರು. ಅವರ ಪ್ರಕಾರ ಬರೆಯುವ ಮನಸ್ಸು ಮೂರು ಕೆಲಸ ಮಾಡುತ್ತದೆ: ಏನು ಹೇಳಬೇಕೆಂದು ಯೋಚಿಸುತ್ತದೆ, ಅದನ್ನು ಮಾತಾಗಿ ಇಳಿಸುತ್ತದೆ, ಬರೆದದ್ದನ್ನು ತಿರುಗಿ ಓದಿ ತೂಗುತ್ತದೆ. ಈ ಮೂರೂ ಒಂದರ ಹಿಂದೆ ಒಂದು ಬರುವುದಿಲ್ಲ, ಒಂದರೊಳಗೊಂದು ನುಗ್ಗುತ್ತಲೇ ಇರುತ್ತವೆ. ಅರ್ಧ ವಾಕ್ಯ ಬರೆದಾಗಲೇ ‘ನಾನು ಹೇಳಬೇಕಿದ್ದದ್ದು ಇದಲ್ಲ’ ಅಂತ ಹೊಳೆಯುತ್ತದೆ, ಅಲ್ವಾ? ಕೆನಡಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲಿನ್ ಸ್ಕಾರ್ಡಮೇಲಿಯಾ 1987ರಲ್ಲಿ ಇನ್ನೊಂದು ವ್ಯತ್ಯಾಸ ತೋರಿಸಿದರು. ಹೊಸದಾಗಿ ಬರೆಯುವವರು ವಿಷಯದ ಬಗ್ಗೆ ನೆನಪಿಗೆ ಬಂದದ್ದನ್ನು ಬಂದ ಹಾಗೆ ಹೇಳಿಬಿಡುತ್ತಾರೆ. ಪಳಗಿದವರು ಬರೆಯುತ್ತಾ ಬರೆಯುತ್ತಾ ತಮ್ಮ ಯೋಚನೆಯನ್ನೇ ಬದಲಿಸಿಕೊಳ್ಳುತ್ತಾರೆ. ಬೋರ್ಡ್ ನೋಡಿ ಇಳಿಸಿಕೊಳ್ಳುವ ನಮ್ಮ ಮಗು ಮೊದಲನೇ ಮೆಟ್ಟಿಲನ್ನೂ ಹತ್ತಿಲ್ಲ. ಮೂರು ಕೆಲಸಗಳಲ್ಲಿ ಒಂದನ್ನೂ ಅದು ಮಾಡುತ್ತಿಲ್ಲ.

ಹಾಗಂತ ಕೈಬರಹ, ಕಾಗುಣಿತ ಬೇಡವೇ ಬೇಡ ಎಂದಲ್ಲ. ಸ್ಟೀವ್ ಗ್ರಹಾಂ ಮತ್ತು ಜೊತೆಗಾರರು 1997ರಲ್ಲಿ 1ರಿಂದ 6ನೇ ತರಗತಿಯ 600 ಮಕ್ಕಳ ಬರಹ ಪರೀಕ್ಷಿಸಿದರು. ಅಕ್ಷರ ಸಲೀಸಾಗಿ, ಬೇಗ ಬರುವ ಮಕ್ಕಳು ಹೆಚ್ಚು ಬರೆಯುತ್ತಿದ್ದರು, ಚೆನ್ನಾಗಿಯೂ ಬರೆಯುತ್ತಿದ್ದರು. ಕಾರಣ ಸರಳ. ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದುಕೊಳ್ಳುವುದು ಕೆಲವೇ ಸಂಗತಿಗಳನ್ನು. ಬೆಣ್ಣೆ ದೋಸೆ ಹುಯ್ಯುವವರ ಕೈ ತಾನಾಗಿಯೇ ಸುತ್ತುತ್ತದೆ, ಅದಕ್ಕೇ ಅವರ ಗಮನ ಯಾವ ಟೇಬಲ್ಲಿಗೆ ಎಷ್ಟು ದೋಸೆ ಎಂಬುದರ ಮೇಲೆ ಇರಬಲ್ಲದು. ‘ಸ್ಕೂಲ್’ ಎಂಬ ಪದದಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಎಂದು ತಡಕಾಡುವ ಮಗುವಿಗೆ ಶಾಲೆಯ ಬಗ್ಗೆ ಯೋಚಿಸಲು ಜಾಗವೇ ಉಳಿಯುವುದಿಲ್ಲ. ನಮ್ಮ ಮಕ್ಕಳಿಗಂತೂ ಎರಡು ಲಿಪಿಗಳ ಭಾರ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಗಟ್ಟಿಯಾಗಲು ನಾಲ್ಕನೇ ತರಗತಿಯವರೆಗೂ, ಕೆಲವರಿಗೆ ಇನ್ನೂ ಮುಂದಕ್ಕೂ ಸಮಯ ಬೇಕು ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಆ ಹೊತ್ತಿನಲ್ಲೇ, ಬರೆದಂತೆ ಓದದ ಇಂಗ್ಲಿಷ್ ಬಂದು ಕೂರುತ್ತದೆ. ಸ್ವಲ್ಪ ತಾಳ್ಮೆ ನಮಗೂ ಬೇಕು.

ಇನ್ನು ಗ್ರಾಮರ್. ಇಂಗ್ಲಿಷ್ ಬರುವುದಿಲ್ಲ ಅಂದ ಕೂಡಲೇ ನಾವು ಮಕ್ಕಳನ್ನು ಗ್ರಾಮರ್ ಟ್ಯೂಷನ್‌ಗೆ ಕಳಿಸುತ್ತೇವೆ. ನೌನ್, ಪ್ರೊನೌನ್, ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಲ್ಲ ಬಾಯಿಪಾಠ. ಗ್ರಾಮರನ್ನು ಬಿಡಿಯಾಗಿ ಕಲಿಸಿದರೆ ಬರವಣಿಗೆಗೆ ಅಷ್ಟೇನೂ ಉಪಯೋಗವಿಲ್ಲ, ಬರೆಯುವ ಸಮಯ ತಿಂದು ತೊಂದರೆಯೂ ಆಗಬಹುದು ಎಂದು ಅಮೆರಿಕದ ಒಂದು ದೊಡ್ಡ ವರದಿ 1963ರಲ್ಲೇ ಹೇಳಿತ್ತು. 2007ರಲ್ಲಿ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 4ರಿಂದ 12ನೇ ತರಗತಿಯವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಯೋಚಿಸುವ, ಬರೆಯುವ, ತಿದ್ದುವ ಹೆಜ್ಜೆಗಳನ್ನು ಬಿಡಿಸಿ ಕಲಿಸುವ ವಿಧಾನಕ್ಕೆ ಸಿಕ್ಕ ಅಂಕ 0.82. ಅಂದರೆ, ಹೀಗೆ ಕಲಿತ ಸಾಧಾರಣ ಮಗು, ಹೀಗೆ ಕಲಿಯದ ನೂರು ಮಕ್ಕಳಲ್ಲಿ ಸುಮಾರು 79 ಮಂದಿಗಿಂತ ಚೆನ್ನಾಗಿ ಬರೆಯುತ್ತದೆ. ಮಕ್ಕಳು ಜೊತೆಯಾಗಿ ಬರೆಯುವುದಕ್ಕೆ 0.75. ಬಿಡಿ ಗ್ರಾಮರ್ ಪಾಠಕ್ಕೆ ಸೊನ್ನೆಗಿಂತ ಕೆಳಗೆ, ಮೈನಸ್ 0.32.

ಆ ಪ್ರಯೋಗಗಳ ಮಕ್ಕಳಲ್ಲಿ ಬಹುಪಾಲು ಇಂಗ್ಲಿಷ್ ಮಾತಾಡುವ ನಾಡಿನಲ್ಲೇ ಬೆಳೆದವರು. ಮನೆಯಲ್ಲಿ ಇಂಗ್ಲಿಷ್ ಕೇಳದ ನಮ್ಮ ಮಕ್ಕಳಿಗೆ ವಾಕ್ಯದ ಕಟ್ಟು ಹೇಳಿಕೊಡಲೇಬೇಕು. ಆದರೆ ಅದನ್ನು ವಾಕ್ಯ ಕಟ್ಟಿಸುತ್ತಲೇ ಹೇಳಿಕೊಡಬಹುದು. ‘ದ ಫೋರ್ಟ್ ಈಸ್ ಓಲ್ಡ್’, ‘ದ ಫೋರ್ಟ್ ಹ್ಯಾಸ್ ಸೆವೆನ್ ವಾಲ್ಸ್’ ಎಂಬ ಎರಡು ವಾಕ್ಯ ಕೊಟ್ಟು ಒಂದು ಮಾಡಿ ಎನ್ನಿ. ಒಬ್ಬ ‘ದ ಓಲ್ಡ್ ಫೋರ್ಟ್ ಹ್ಯಾಸ್ ಸೆವೆನ್ ವಾಲ್ಸ್’ ಎಂದು ಬರೆಯುತ್ತಾನೆ, ಇನ್ನೊಬ್ಬಳು ‘ಆ್ಯಂಡ್’ ಹಾಕುತ್ತಾಳೆ. ಎರಡನ್ನೂ ಬೋರ್ಡ್ ಮೇಲೆ ಬರೆದು ಯಾವುದು ಚೆಂದ, ಯಾಕೆ ಎಂದು ಮಾತಾಡಿಸಿ. ಅದೇ ಲೆಕ್ಕದಲ್ಲಿ ಹೀಗೆ ವಾಕ್ಯ ಕೂಡಿಸುವ ಅಭ್ಯಾಸಕ್ಕೆ 0.50 ಸಿಕ್ಕಿದೆ. ಖರ್ಚು ಒಂದು ಸೀಮೆಸುಣ್ಣ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಮಾತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಬಾರದು ಎಂಬ ನಿಯಮ ಎಷ್ಟೋ ಶಾಲೆಗಳಲ್ಲಿದೆ. ಅಲೆಕ್ಸಾಂಡರ್ ಫ್ರೀಡ್‌ಲ್ಯಾಂಡರ್ ಎಂಬವರು 1990ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಅಮೆರಿಕದಲ್ಲಿ ಓದುತ್ತಿದ್ದ, ಚೀನೀ ಮನೆಮಾತಿನ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಬರೆಯಲು ಎರಡು ವಿಷಯ ಕೊಟ್ಟರು. ಒಂದು, ಹಿರಿಯರ ಸಮಾಧಿಗೆ ಪೂಜೆ ಮಾಡುವ ಚಿಂಗ್‌ಮಿಂಗ್ ಹಬ್ಬ. ಇನ್ನೊಂದು, ಅಮೆರಿಕದ ಕಾಲೇಜು ಜೀವನ. ಹಬ್ಬದ ಬಗ್ಗೆ ಚೀನೀ ಭಾಷೆಯಲ್ಲಿ ಟಿಪ್ಪಣಿ ಮಾಡಿಕೊಂಡಾಗ ಇಂಗ್ಲಿಷ್ ಬರಹವೇ ಚೆನ್ನಾಗಿ ಬಂತು. ಅನುಭವ ಯಾವ ಭಾಷೆಯಲ್ಲಿ ಆಯಿತೋ ಆ ಭಾಷೆಯಲ್ಲಿ ನೆನಪು ಬೇಗ ಕೈಗೆ ಸಿಗುತ್ತದೆ.

ಹಾಗಿದ್ದರೆ ನಾಯಕನಹಟ್ಟಿ ತೇರು ನೋಡಿ ಬಂದ ಹುಡುಗನಿಗೆ, ದುಗ್ಗಮ್ಮನ ಜಾತ್ರೆಯಲ್ಲಿ ಅಜ್ಜಿಯ ಕೈ ತಪ್ಪಿಸಿಕೊಂಡು ಅತ್ತ ಹುಡುಗಿಗೆ, ಮೊದಲು ಕನ್ನಡದಲ್ಲಿ ಹೇಳು ಅನ್ನೋಣ. ಪಕ್ಕದವಳಿಗೆ ಹೇಳಲಿ, ಆಮೇಲೆ ಕನ್ನಡದಲ್ಲೇ ನಾಲ್ಕು ಪದ ಗುರುತು ಹಾಕಿಕೊಳ್ಳಲಿ. ಇಂಗ್ಲಿಷ್ ಆಮೇಲೆ ಬರುತ್ತದೆ. ಬೇರೆ ಲಿಪಿಯಲ್ಲಿ ಬರೆಯುವವರು ತಮ್ಮದನ್ನೂ ಜೊತೆಗೆ ತರುವುದು ಚಿತ್ರದುರ್ಗ ಜಿಲ್ಲೆಗೆ ಹಳೆಯ ಸಂಗತಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹೇಳಿ, ಒಂದು ಪದವನ್ನು ಮಾತ್ರ ದೂರದ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಸ್ವಂತವಾಗಿ ಬರೆಯಲು ಬಿಟ್ಟರೆ ತಪ್ಪುಗಳ ರಾಶಿ ಬೀಳುತ್ತದೆ, ನಿಜ. ‘ಮೈ ಫಾದರ್ ಮಿಲ್ ಇನ್ ವರ್ಕಿಂಗ್’ ಎಂದು ಬರೆದ ಮಗುವನ್ನು ಊಹಿಸಿಕೊಳ್ಳಿ. ಕನ್ನಡದಲ್ಲಿ ‘ಮಿಲ್ಲಿನಲ್ಲಿ’ ಎನ್ನುವಾಗ ‘ಅಲ್ಲಿ’ ಪದದ ನಂತರ ಬರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಮಗು ಆ ನಿಯಮವನ್ನು ಸರಿಯಾಗಿಯೇ ಪಾಲಿಸಿದೆ. ಕಲಿಯುವವರ ತಪ್ಪು ಅವರ ಮನಸ್ಸಿನೊಳಗಿನ ನಿಯಮಗಳನ್ನು ತೋರಿಸುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬರೆದರು. ನ್ಯೂಯಾರ್ಕಿನ ಮೀನಾ ಶಾನಸಿ ಕಾಲೇಜಿಗೆ ಹೊಸದಾಗಿ ಬಂದವರ ಸುಮಾರು 4,000 ಪರೀಕ್ಷಾ ಬರಹಗಳನ್ನು ಓದಿ, 1977ರಲ್ಲಿ ಅದನ್ನೇ ವಿಸ್ತಾರವಾಗಿ ತೋರಿಸಿದರು.

ಪುಟವಿಡೀ ಕೆಂಪು ಇಂಕು ಹರಿಸಿದರೆ ಮಗು ಮುಂದಿನ ಸಲ ಕಡಿಮೆ ಬರೆಯುತ್ತದೆ, ಗೊತ್ತಿರುವ ಪದಗಳನ್ನೇ ಬರೆಯುತ್ತದೆ. ಆಕ್ಲೆಂಡಿನ ಜಾನ್ ಬಿಚನರ್ 2008ರ ಅಧ್ಯಯನದಲ್ಲಿ ‘ಎ’ ಮತ್ತು ‘ದ’ ಬಳಕೆಯ ಎರಡೇ ಎರಡು ಬಗೆಯ ತಪ್ಪುಗಳನ್ನು ಆರಿಸಿಕೊಂಡು ತಿದ್ದಿದರು. ಎರಡು ತಿಂಗಳಾದ ಮೇಲೂ ಆ ಕಲಿಕೆ ಉಳಿದಿತ್ತು. ಕನ್ನಡದಲ್ಲಿ ಆ ಎರಡು ಪುಟ್ಟ ಪದಗಳಿಗೆ ಸರಿಸಾಟಿಯೇ ಇಲ್ಲದಿರುವುದರಿಂದ ನಮಗೆ ಇದು ನೇರವಾಗಿ ಅನ್ವಯಿಸುತ್ತದೆ. ಈ ತಿಂಗಳು ‘ದ’ ಮಾತ್ರ, ಮುಂದಿನ ತಿಂಗಳು ಭೂತಕಾಲ ಮಾತ್ರ ಎಂದು ತಿದ್ದಿದರೆ ಮೇಷ್ಟ್ರಿಗೂ ಹಗುರ.

ಅರವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುವ ಕೆಲಸವಾ ಎಂದು ಮೇಷ್ಟ್ರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ಜೋಡಿ ಬರವಣಿಗೆ ನಮ್ಮಂಥ ಕಡೆ ಜಾಸ್ತಿ ಉಪಯೋಗ. ಇಬ್ಬರಿಗೆ ಒಂದು ಹಾಳೆ ಕೊಟ್ಟರೆ ಅರವತ್ತು ಮೂವತ್ತಾಗುತ್ತದೆ, ಬರೆಯುವ ಮುಂಚೆ ಮಾತೂ ನಡೆಯುತ್ತದೆ. ವಾರಕ್ಕೆ ಒಂದು ಪೀರಿಯಡ್ ಸಾಕು, ಶುರುವಿಗೆ. ಪರೀಕ್ಷೆಯ ಪ್ರಬಂಧ ಗೈಡಿನಲ್ಲಿ ಸಿದ್ಧವಾಗಿ ಸಿಗುವವರೆಗೂ ಆ ಒಂದು ಪೀರಿಯಡ್ಡನ್ನೂ ಯಾರೂ ಬಿಟ್ಟುಕೊಡುವುದಿಲ್ಲ ಎಂಬುದೂ ನಿಜ. ಶಾಲೆಯ ಕಿರುಪರೀಕ್ಷೆಯ ಪ್ರಶ್ನೆ ಬರೆಯುವವರಾದರೂ ‘ಪೊಲ್ಯೂಷನ್’ ಬಿಟ್ಟು, ‘ಹೋದ ವಾರ ನಿಮ್ಮೂರ ಸಂತೆಯಲ್ಲಿ ಯಾವುದಕ್ಕೆ ರೇಟು ಏರಿತ್ತು, ಯಾಕೆ?’ ಎಂದು ಕೇಳಲಿ. ಬಂದ ಉತ್ತರದಲ್ಲಿ ಆರು ತಪ್ಪಿದ್ದರೂ ವಿಷಯ ಸ್ವಂತದ್ದಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಮಾರ್ಕ್ಸ್ ಕೊಡಲಿ. ಅದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಮೇಲಿನ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ.