ಪದ ಪರಿಚಯ: ಉಳಿಕೆ ಭೂಮೌಲ್ಯ

ಅಪಾರ್ಟ್‌ಮೆಂಟ್ ಕಟ್ಟಲು ಜಾಗ ನೋಡುವ ಬಿಲ್ಡರ್, ನೆಲದ ಬೆಲೆಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಫ್ಲ್ಯಾಟುಗಳೆಲ್ಲ ಮಾರಿದರೆ ಬರುವ ಹಣದಲ್ಲಿ ಕಟ್ಟುವ ಖರ್ಚು, ಶುಲ್ಕ, ಬಡ್ಡಿ, ಮಾರಾಟದ ವೆಚ್ಚ, ತನ್ನ ಲಾಭ ಕಳೆದು ಮಿಕ್ಕಿದ್ದೇ ಉಳಿಕೆ ಭೂಮೌಲ್ಯ, ಅಂದರೆ ರೆಸಿಡ್ಯುಯಲ್ ಲ್ಯಾಂಡ್ ವ್ಯಾಲ್ಯೂ. ಜಮೀನಿಗೆ ಅವನು ಕೊಡಬಹುದಾದ ಗರಿಷ್ಠ ಬೆಲೆ ಅದು. ಮಾಲೀಕ ಕೇಳುವುದು ಅದಕ್ಕಿಂತ ಹೆಚ್ಚಾದರೆ ಅಲ್ಲಿ ಮನೆ ಏಳುವುದಿಲ್ಲ, ನಿಯಮ ಎಷ್ಟೇ ಸಡಿಲವಾಗಿರಲಿ.

ಬೆಂಗಳೂರಿನಲ್ಲಿ ಒಂದು ಸೈಟಿನ ಮೇಲೆ ಎಷ್ಟು ಕಟ್ಟಬಹುದು ಎಂಬುದನ್ನು ಎಫ್‌ಎಆರ್ (ಫ್ಲೋರ್ ಏರಿಯಾ ರೇಶಿಯೊ) ಹೇಳುತ್ತದೆ: ಸೈಟಿನ ವಿಸ್ತೀರ್ಣದ ಇಷ್ಟು ಪಟ್ಟು ಎಂದು. ಅದು ಸೈಟಿನ ಅಳತೆಯನ್ನೂ ಎದುರಿನ ರಸ್ತೆಯ ಅಗಲವನ್ನೂ ಅನುಸರಿಸಿ ಏರುತ್ತದೆ. ಎಫ್‌ಎಆರ್ ಹೆಚ್ಚಿಸಿದ ಕೂಡಲೇ ಹೆಚ್ಚು ಮನೆ, ಕಡಿಮೆ ಬೆಲೆ ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ.

10,000 ಚದರಡಿ ಸೈಟು, ಎಫ್‌ಎಆರ್ 2.25. ಕಟ್ಟುವುದು 22,500 ಚದರಡಿ. ಅಷ್ಟೂ ಮಾರಾಟಕ್ಕೆ ಎಂದುಕೊಳ್ಳಿ. ಚದರಡಿಗೆ ₹9,000ದಂತೆ ಆದಾಯ 20.25 ಕೋಟಿ. ಕಟ್ಟುವ ಖರ್ಚು ₹4,000ದಂತೆ 9 ಕೋಟಿ, ಆರ್ಕಿಟೆಕ್ಟ್, ಮಂಜೂರಾತಿ ಇತ್ಯಾದಿಗೆ ಅದರ ಶೇ 8, ಅಂದರೆ 72 ಲಕ್ಷ, ಮಾರಾಟದ ವೆಚ್ಚ ಆದಾಯದ ಶೇ 4, 81 ಲಕ್ಷ, ಬಡ್ಡಿ 1.5 ಕೋಟಿ, ಲಾಭ ಆದಾಯದ ಶೇ 20, 4.05 ಕೋಟಿ. ಉಳಿದದ್ದು 4.17 ಕೋಟಿ.

ಈಗ ಎಫ್‌ಎಆರ್ 3 ಆಯಿತು ಅನ್ನಿ. 30,000 ಚದರಡಿ, ಆದಾಯ 27 ಕೋಟಿ. ಆದರೆ ಕಾರು ನಿಲ್ಲಿಸಲು ಇನ್ನೊಂದು ಬೇಸ್‌ಮೆಂಟ್ ಅಗೆಯಬೇಕು. ಎತ್ತರ 15 ಮೀಟರ್ ಮುಟ್ಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಬಹುಮಹಡಿ. ಅಗ್ನಿಸುರಕ್ಷತೆಯ ವ್ಯವಸ್ಥೆ ಬಿಗಿಯಾಗುತ್ತದೆ. ಖರ್ಚು ಚದರಡಿಗೆ ₹4,300ಕ್ಕೆ ಏರಿದರೆ 12.9 ಕೋಟಿ. ಬಡ್ಡಿ 2 ಕೋಟಿ. ಶುಲ್ಕ, ಮಾರಾಟದ ವೆಚ್ಚ, ಲಾಭವನ್ನು ಮೊದಲಿನ ಶೇಕಡಾದಲ್ಲೇ ಕಳೆದರೆ ಉಳಿಕೆ 4.59 ಕೋಟಿ. ಹೆಚ್ಚುವರಿ 7,500 ಚದರಡಿಗೆ ಪ್ರೀಮಿಯಂ ಶುಲ್ಕ, ಅಂದರೆ ಹೆಚ್ಚುವರಿ ಎಫ್‌ಎಆರ್‌ಗೆ ತೆರುವ ಹಣ, ಚದರಡಿಗೆ ₹1,000ದಂತೆ ಕಟ್ಟಬೇಕಾದರೆ ಉಳಿಕೆ 3.84 ಕೋಟಿ! ಮೊದಲಿಗಿಂತ ಕಡಿಮೆ. ಹೀಗಾದಾಗ ಹೆಚ್ಚುವರಿ ಎಫ್‌ಎಆರ್ ಕಾಗದದ ಮೇಲೇ ಉಳಿಯುತ್ತದೆ. ಪ್ರೀಮಿಯಂ ಶುಲ್ಕ ಇಲ್ಲದಿದ್ದರೆ ಉಳಿಕೆ 4.17ರಿಂದ 4.59 ಕೋಟಿಗೆ ಏರಿದ ಆ 42 ಲಕ್ಷ ಬಹುಪಾಲು ಹೋಗುವುದು ಜಮೀನು ಮಾಲೀಕನಿಗೆ, ಫ್ಲ್ಯಾಟು ಕೊಳ್ಳುವವರಿಗಲ್ಲ. ನಿಯಮ ಬದಲಾಗುವ ಮುನ್ನವೇ ಜಾಗ ಕೊಂಡಿಟ್ಟ ಬಿಲ್ಡರಿಗೆ ಅದು ಬೋನಸ್ಸು.

ಈ ಸಂಖ್ಯೆ ಎಷ್ಟು ಚಂಚಲ ಎಂದರೆ, ಮೊದಲ ಲೆಕ್ಕದಲ್ಲಿ ಫ್ಲ್ಯಾಟಿನ ಬೆಲೆ ಶೇ 5 ಇಳಿದರೆ ಉಳಿಕೆ ಸುಮಾರು ಶೇ 18 ಇಳಿದು 3.4 ಕೋಟಿಗೆ ಬರುತ್ತದೆ. ಮಂಜೂರಾತಿ ಆರು ತಿಂಗಳು ತಡವಾದರೆ ಬಡ್ಡಿಯೂ ಇಲ್ಲಿಂದಲೇ ಕಡಿತ. ರಿಯಲ್ ಎಸ್ಟೇಟ್ ನಿಯಂತ್ರಿಸುವ ರೇರಾ ಕಾಯ್ದೆಯಂತೆ ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ತೆಗೆದು ಬೇರೆ ಜಾಗ ಕೊಳ್ಳುವಂತಿಲ್ಲ.

ತೆರಿಗೆಯಲ್ಲೂ ಒಂದು ಸೂಕ್ಷ್ಮ ಇದೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ 5. ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣ, ₹45 ಲಕ್ಷದೊಳಗಿನ ಮನೆಗೆ ಶೇ 1. ಎರಡರಲ್ಲೂ ಇನ್‌ಪುಟ್ ತೆರಿಗೆ, ಅಂದರೆ ಸಾಮಗ್ರಿ ಕೊಳ್ಳುವಾಗ ಬಿಲ್ಡರ್ ಕಟ್ಟಿದ ಜಿಎಸ್‌ಟಿ, ವಾಪಸ್ ಸಿಗುವುದಿಲ್ಲ. ಆದ್ದರಿಂದ 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ನೇರವಾಗಿ ಖರ್ಚಿನ ಕಾಲಂಗೇ ತಟ್ಟುತ್ತದೆ.

ಲೆಕ್ಕ ತಪ್ಪುವ ಜಾಗ ಸಾಮಾನ್ಯವಾಗಿ ಎರಡು. ದಾಖಲೆಯಲ್ಲಿ 40 ಅಡಿ ರಸ್ತೆ, ಟೇಪು ಹಿಡಿದರೆ 34: ಎಫ್‌ಎಆರ್ ಅಲ್ಲೇ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಇನ್ನೊಂದು ಸೆಟ್‌ಬ್ಯಾಕ್. ಸುತ್ತ ಬಿಡಬೇಕಾದ ಜಾಗ ಬಿಟ್ಟಮೇಲೆ ಕಿರಿದಾದ ಸೈಟಿನಲ್ಲಿ ಎಫ್‌ಎಆರ್ ಪೂರ್ತಿ ಕೂರುವುದೇ ಇಲ್ಲ. ಆದ್ದರಿಂದ ಆರ್ಕಿಟೆಕ್ಟ್ ಮಹಡಿವಾರು ನಕ್ಷೆ ಎಳೆದ ಮೇಲೆಯೇ ಚದರಡಿ ಹಿಡಿಯಬೇಕು.

ಮಾಲೀಕ ಜಾಗ ಕೊಟ್ಟು ಬಿಲ್ಡರ್ ಕಟ್ಟುವ ಜಾಯಿಂಟ್ ಡೆವಲಪ್‌ಮೆಂಟಿನಲ್ಲಿ ಮಾಲೀಕನಿಗೆ ನಗದಿನ ಬದಲು ಫ್ಲ್ಯಾಟುಗಳ ಪಾಲು. ಮಾತುಕತೆಯಲ್ಲಿ 35:65, 40:60 ಎಂದು ಎಳೆದಾಡುವುದು ಇದೇ ಉಳಿಕೆಯನ್ನು, ಶೇಕಡಾದ ವೇಷದಲ್ಲಿ.